ಪತ್ರಿಕೆಯ ವೆಬ್‌ಸೈಟನ್ನು ಓದುಗರ ಮೊಬೈಲಿನಲ್ಲಿ ಪರೀಕ್ಷಿಸುವುದು ಹೇಗೆ?

ಸಣ್ಣ ಪತ್ರಿಕೆಯೊಂದು ಹೊಸ ವೆಬ್‌ಸೈಟ್ ಮಾಡಿಸಿದ ದಿನ ಸಾಮಾನ್ಯವಾಗಿ ನಡೆಯುವುದು ಇಷ್ಟು. ಎಲ್ಲರೂ ಸಂಪಾದಕರ ಕಂಪ್ಯೂಟರ್ ಸುತ್ತ ನಿಲ್ಲುತ್ತಾರೆ. ಮುಖಪುಟ ತೆರೆಯುತ್ತದೆ. ದೊಡ್ಡ ಫೋಟೊಗಳು ಒಂದಾದ ಮೇಲೊಂದು ಜಾರುತ್ತವೆ. "ಸಕತ್ತಾಗಿದೆ ಸಾರ್" ಅಂತ ಯಾರೋ ಹೇಳುತ್ತಾರೆ. ಅಲ್ಲಿಗೆ ಪರೀಕ್ಷೆ ಮುಗಿಯಿತು.

ಆದರೆ ಓದುಗರಲ್ಲಿ ಬಹಳ ಮಂದಿ ಆ ಮುಖಪುಟವನ್ನು ನೋಡುವುದೇ ಇಲ್ಲ. ವಾಟ್ಸಾಪ್ ಗುಂಪಿಗೆ ಯಾರೋ ಹಾಕಿದ ಲಿಂಕ್ ಒತ್ತುತ್ತಾರೆ, ನೇರವಾಗಿ ಒಂದು ಲೇಖನದೊಳಕ್ಕೆ ಬಂದು ಇಳಿಯುತ್ತಾರೆ, ಓದುತ್ತಾರೆ ಇಲ್ಲವೇ ಬಿಟ್ಟು ಹೋಗುತ್ತಾರೆ. ಹಾಗಾಗಿ ಪತ್ರಿಕೆಯ ಸೈಟಿಗೆ ಒಂದೇ ದೊಡ್ಡ ಪ್ರಶ್ನೆ: ಸಾಮಾನ್ಯ ಫೋನಿನಲ್ಲಿ, ಸಾಮಾನ್ಯ ಸಿಗ್ನಲ್‌ನಲ್ಲಿ, ಒಂದು ಉದ್ದದ ಲೇಖನವನ್ನು ಕಣ್ಣು ನೋಯಿಸಿಕೊಳ್ಳದೆ ಕೊನೆಯವರೆಗೆ ಓದಬಹುದಾ? ಉಳಿದದ್ದೆಲ್ಲ ಆಮೇಲಿನ ಮಾತು.

ತುಮಕೂರಿನಲ್ಲಿ ಕೂತು ಇಂಥ ಸೈಟನ್ನು ಹೇಗೆ ಅಳೆಯಬಹುದು ಅಂತ ಇಲ್ಲಿ ಬರೆದಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿದ್ದರೂ ಇದೇ ಕ್ರಮ ನಡೆಯುತ್ತದೆ. ಕೋಡ್ ಗೊತ್ತಿರಬೇಕಾಗಿಲ್ಲ. ನೀವು ಪತ್ರಿಕೆಯ ಬಳಗದವರಾಗಿರಬಹುದು, ಅದಕ್ಕೆ ಬರೆಯುವವರಾಗಿರಬಹುದು, ಸುಮ್ನೆ ಒಬ್ಬ ಓದುಗರೂ ಆಗಿರಬಹುದು.

ಮೊದಲು ಏನೇನು ಬೇಕು

ಒಂದು ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನ್ ಬೇಕು. ಎರಡು ಮೂರು ವರ್ಷ ಹಳೆಯದಾದರೆ ಇನ್ನೂ ಒಳ್ಳೆಯದು. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲೇ ನೋಡಿ. ಜೊತೆಗೆ ಒಂದು ನೋಟ್‌ಬುಕ್. ಕಂಪ್ಯೂಟರ್ ಕೊನೆಗೆ ಬೇಕಾಗುತ್ತದೆ, ಈಗ ಬೇಡ.

ಇಡೀ ಸೈಟನ್ನು ಜಾಲಾಡಲು ಹೋಗಬೇಡಿ. ಐದು ಪುಟ ಆರಿಸಿಕೊಳ್ಳಿ: ಒಂದು ಉದ್ದದ ಲೇಖನ, ಒಂದು ಪದ್ಯ, ಫೋಟೊ ಜಾಸ್ತಿ ಇರುವ ಒಂದು ಪುಟ, ಹಳೆಯ ಸಂಚಿಕೆಗಳ ಪಟ್ಟಿ, ಮುಖಪುಟ. ಪದ್ಯವನ್ನು ಮರೆಯಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ನೋಟ್‌ಬುಕ್ಕಿನಲ್ಲಿ ಪ್ರತಿ ತೊಂದರೆಗೂ ನಾಲ್ಕು ವಿಷಯ ಬರೆಯಿರಿ. ಯಾವ ಪುಟ, ನೀವು ಏನು ಮಾಡಲು ಹೊರಟಿರಿ, ಏನಾಯಿತು, ಎಷ್ಟು ಗಂಭೀರ. ಗಂಭೀರತೆಗೆ ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ ಬಳಸಿದ 0ಯಿಂದ 4ರ ಅಳತೆ ಸಾಕು. 0 ಅಂದರೆ ತೊಂದರೆಯೇ ಅಲ್ಲ, 4 ಅಂದರೆ ಸರಿಮಾಡದೆ ಸೈಟ್ ಬಿಡಲೇಬಾರದು. ಬಳಕೆಗೆ ಸುಲಭವಾಗಿರುವುದು ಹೇಗೆ ಎಂಬುದಕ್ಕೆ 1994ರಲ್ಲಿ ಹತ್ತು ಸೂತ್ರಗಳನ್ನು ಕೊಟ್ಟವರು ಇದೇ ನೀಲ್ಸನ್. ಆ ಹತ್ತನ್ನೂ ಬಾಯಿಪಾಠ ಮಾಡಬೇಕಿಲ್ಲ. "ನಾನೀಗ ಎಲ್ಲಿದ್ದೇನೆ? ಮುಂದೆ ಏನಾಗುತ್ತದೆ? ತಪ್ಪು ಒತ್ತಿದರೆ ವಾಪಸ್ ಬರಬಹುದಾ?" ಈ ಮೂರನ್ನು ಪ್ರತಿ ಪುಟದಲ್ಲೂ ಕೇಳಿಕೊಂಡರೆ ಮುಕ್ಕಾಲು ಕೆಲಸ ಆಯಿತು.

ಲಿಂಕ್ ಒತ್ತಿ ಒಳಗೆ ಬನ್ನಿ

ಲೇಖನದ ಲಿಂಕನ್ನು ನಿಮಗೆ ನೀವೇ ವಾಟ್ಸಾಪ್ ಮಾಡಿಕೊಳ್ಳಿ. ಒತ್ತುವ ಮೊದಲೇ ನೋಡಿ. ಲಿಂಕಿನ ಜೊತೆ ಚಿತ್ರ ಬಂತಾ? ಶೀರ್ಷಿಕೆ ಕನ್ನಡದಲ್ಲಿ ಬಂತಾ? ಎಷ್ಟೋ ಸೈಟುಗಳಲ್ಲಿ ಶೇಕಡಾ ಚಿಹ್ನೆಗಳ ಮಾರುದ್ದ ಸರಪಳಿಯೊಂದು ಬಂದು ಕೂರುತ್ತದೆ. ವಿಳಾಸದಲ್ಲಿ ಕನ್ನಡ ಅಕ್ಷರ ಇಟ್ಟಾಗ ಹೀಗಾಗುತ್ತದೆ. ನೋಡಿದವರು ಇದೇನೋ ವೈರಸ್ ಅಂದುಕೊಂಡರೆ ಅವರ ತಪ್ಪಲ್ಲ.

ಇನ್ನೊಂದು ಸಂಗತಿ ಕನ್ನಡದಂಥ ಭಾಷೆಗಳಿಗೆ ವಿಶೇಷ. ಶೀರ್ಷಿಕೆ ಉದ್ದವಾದರೆ ವಾಟ್ಸಾಪ್ ಆಗಲಿ, ಸೈಟಿನ ಪಟ್ಟಿಯಾಗಲಿ ಅದನ್ನು ಅರ್ಧಕ್ಕೆ ಕತ್ತರಿಸಿ ಮೂರು ಚುಕ್ಕಿ ಇಡುತ್ತವೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. "ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಬೆಲೆ…" ಅಂತ ನಿಂತರೆ ಏರಿತೋ ಇಳಿಯಿತೋ ಹೇಗೆ ಗೊತ್ತಾಗಬೇಕು? ಪಟ್ಟಿಯಲ್ಲಿ ಹತ್ತು ಶೀರ್ಷಿಕೆ ನೋಡಿ, ಎಷ್ಟು ಕಡೆ ಮುಖ್ಯವಾದ ಮಾತೇ ಕತ್ತರಿಸಿ ಹೋಗಿದೆ ಅಂತ ಎಣಿಸಿ. ಎರಡು ಸಾಲಿಗೆ ಜಾಗ ಕೊಟ್ಟಿದ್ದರೆ ಮೂರು ಸಾಲಿಗೆ ಏರಿಸಲು ಹೇಳಿ. ಅಥವಾ ಸಂಪಾದಕರೇ ಚಿಕ್ಕ ಶೀರ್ಷಿಕೆ ಕೊಡುವ ಅಭ್ಯಾಸ ಮಾಡಿಕೊಳ್ಳಲಿ.

ಈಗ ಲಿಂಕ್ ಒತ್ತಿ. ಮೊದಲ ಪರದೆಯಲ್ಲೇ, ಬೆರಳು ಆಡಿಸುವ ಮೊದಲೇ, ಪತ್ರಿಕೆಯ ಹೆಸರು, ಲೇಖನದ ಹೆಸರು, ಬರೆದವರು, ತಾರೀಕು ಕಾಣಬೇಕು. ತಾರೀಕು ಅಡಗಿಸುವುದು ಪತ್ರಿಕೆಗಳಿಗೆ ಒಂದು ರೋಗ. ಮೂರು ವರ್ಷ ಹಳೆಯ ಕೊಬ್ಬರಿ ಧಾರಣೆಯನ್ನು ಇವತ್ತಿನದು ಅಂತ ಹಂಚಿಕೊಂಡು ಜಗಳವಾಗುವುದು ಇದರಿಂದಲೇ. ತಾರೀಕು ಇಲ್ಲದ ಲೇಖನಕ್ಕೆ ನಾನಂತೂ ಕಣ್ಣುಮುಚ್ಚಿ 3 ಹಾಕುತ್ತೇನೆ.

ಅಕ್ಷರ: ಇಲ್ಲಿ ನಿಧಾನ ಮಾಡಿ

ಪತ್ರಿಕೆಯ ಸೈಟಿನಲ್ಲಿ ವಿನ್ಯಾಸ ಅಂದರೆ ಮುಕ್ಕಾಲು ಪಾಲು ಅಕ್ಷರವೇ. ಸೈಟಿನ ಸಿದ್ಧ ಮಾದರಿಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಲಿಪಿಯನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಿದವು. ಅದರೊಳಗೆ ಕನ್ನಡ ಸುರಿದರೆ ಸಾಲುಗಳು ಉಸಿರುಗಟ್ಟುತ್ತವೆ. ನಮ್ಮ ಲಿಪಿಗೆ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ನಾಲ್ಕೂ ಕಡೆ ಜಾಗ ಬೇಕು.

ಪರೀಕ್ಷೆಗೆ ನಮ್ಮ ಊರ ಹೆಸರುಗಳೇ ಸಾಕು. "ಕ್ಯಾತ್ಸಂದ್ರ" ತೆಗೆದುಕೊಳ್ಳಿ. ಒಂದರ ಪಕ್ಕ ಒಂದು ಮೂರು ಒತ್ತು. ಈ ಹೆಸರು ಬರುವ ಸಾಲಿನ ಕೆಳಗಿನ ಸಾಲನ್ನು ನೋಡಿ. ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತಿದೆಯಾ? ತಾಗುತ್ತಿದ್ದರೆ ಸಾಲುಗಳ ನಡುವಿನ ಅಂತರ ಸಾಲದು. ಇಂಗ್ಲಿಷಿಗೆ ಅಕ್ಷರದ ಗಾತ್ರದ 1.5 ಪಟ್ಟು ಅಂತರ ಸಾಕಾಗಬಹುದು. ಕನ್ನಡಕ್ಕೆ 1.6ರಿಂದ 1.8 ಪಟ್ಟು ಇರಲಿ ಅನ್ನುವುದು ನನ್ನ ಅಂದಾಜು. ಅಕ್ಷರದ ಗಾತ್ರ, ಬ್ರೌಸರ್ ತಾನಾಗಿ ಕೊಡುವ 16 ಪಿಕ್ಸೆಲ್‌ಗಿಂತ ಸ್ವಲ್ಪ ಜಾಸ್ತಿ, 18ರ ಆಸುಪಾಸು ಇದ್ದರೆ ಹಿರಿಯರಿಗೂ ಹಿತ.

"ದೇವರಾಯನದುರ್ಗ" ಅರ್ಕಾವತ್ತಿಗೆ. ಅದು ಮುಂದಿನ ಅಕ್ಷರದ ಮೇಲೆ ಹತ್ತಿ ಕೂತಿದೆಯಾ, ಸರಿಯಾದ ಜಾಗದಲ್ಲಿದೆಯಾ ನೋಡಿ. "ಚಿಕ್ಕನಾಯಕನಹಳ್ಳಿಯಲ್ಲಿರುವ" ಪದದ ಉದ್ದಕ್ಕೆ. ಹನ್ನೆರಡು ಅಕ್ಷರದ ಒಂದೇ ಪದ. ದೊಡ್ಡ ಶೀರ್ಷಿಕೆಯಲ್ಲಿ ಇದನ್ನು ಹಾಕಿದರೆ ಎಷ್ಟೋ ಸೈಟುಗಳಲ್ಲಿ ಪದದ ಬಾಲ ಪರದೆಯಿಂದಾಚೆ ಹೋಗುತ್ತದೆ. ಇಡೀ ಪುಟವೇ ಅಡ್ಡಕ್ಕೆ ಅಲ್ಲಾಡತೊಡಗುತ್ತದೆ. ಸೈಟ್ ಮಾಡುವವರಿಗೆ ಈ ಮೂರು ಹೆಸರು ಬರೆದ ಚೀಟಿ ಕೊಟ್ಟುಬಿಡಿ, "ಇದನ್ನು ಶೀರ್ಷಿಕೆಯಲ್ಲಿ ಹಾಕಿ ತೋರಿಸಪ್ಪ" ಅನ್ನಿ.

ಪಟ್ಟಿಗಳಲ್ಲಿ ಶೀರ್ಷಿಕೆಯ ಕೊನೆಯ ಸಾಲನ್ನೂ ಗಮನಿಸಿ. ಪೆಟ್ಟಿಗೆಯ ಎತ್ತರ ಮೊದಲೇ ನಿಗದಿ ಮಾಡಿದ್ದರೆ ಕೊನೆ ಸಾಲಿನ ಒತ್ತಕ್ಷರಗಳ ಕಾಲು ಕತ್ತರಿಸಿಹೋಗಿರುತ್ತದೆ. ಒತ್ತು ಕಾಣದಿದ್ದರೆ "ಹಳ್ಳಿ" "ಹಳಿ" ಆಗುತ್ತದೆ. ಓದುವವರು ತಮ್ಮ ತಲೆಯಲ್ಲೇ ಸರಿಮಾಡಿಕೊಳ್ಳುತ್ತಾರೆ, ದೂರು ಹೇಳುವುದಿಲ್ಲ. ಅದಕ್ಕೇ ಈ ದೋಷ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ.

ಮುಂದಿನದು ಮಹಾಪ್ರಾಣ. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ. ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಫೋಟೊ ಕೆಳಗಿನ ವಿವರದಂಥ ಸಣ್ಣ ಅಕ್ಷರದಲ್ಲಿ, ದಪ್ಪ ಶೀರ್ಷಿಕೆಯಲ್ಲಿ ಅದು ಮುಚ್ಚಿಹೋಗುತ್ತದೆ. ದನವೋ ಧನವೋ ಗೊತ್ತಾಗದಿದ್ದರೆ ಕೃಷಿ ಪತ್ರಿಕೆಯ ಗತಿ ಏನು? ಇದಕ್ಕೆ ಬಹಳ ಸಲ ಕಾರಣ ಸುಳ್ಳು ದಪ್ಪ. ಫಾಂಟಿನಲ್ಲಿ ದಪ್ಪ ರೂಪ ಇಲ್ಲದಿದ್ದಾಗ ಬ್ರೌಸರ್ ತಾನೇ ಅಕ್ಷರವನ್ನು ಊದಿಸಿ ತೋರಿಸುತ್ತದೆ, ಒಳಗಿನ ಖಾಲಿ ಜಾಗ ತುಂಬಿಹೋಗುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುವ ನೋಟೊ ಸ್ಯಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ ಇವಕ್ಕೆಲ್ಲ ನಿಜವಾದ ದಪ್ಪ ರೂಪಗಳಿವೆ. ತೀರೊ ಕನ್ನಡ ಉದ್ದದ ಓದಿಗೆ ಚಂದ, ಆದರೆ ಅದಕ್ಕೆ ದಪ್ಪ ರೂಪ ಇಲ್ಲ. ಹಾಗಾಗಿ ಶೀರ್ಷಿಕೆಗೆ ಬೇರೆ ಫಾಂಟ್ ಜೋಡಿಸಬೇಕು. "ಬಲೂ ತಮ್ಮ" ಎಂಬ ಫಾಂಟ್ ಶೀರ್ಷಿಕೆಗೆ ಸರಿ, ಅದರಲ್ಲಿ ಇಡೀ ಲೇಖನ ಓದಿಸುವುದು ಶಿಕ್ಷೆ.

ಓರೆ ಅಕ್ಷರ ಕಂಡರೂ ಗುರುತು ಹಾಕಿಕೊಳ್ಳಿ. ಉಲ್ಲೇಖಗಳನ್ನು ಓರೆ ಮಾಡುವುದು ಇಂಗ್ಲಿಷಿನ ಪದ್ಧತಿ. ನಮ್ಮ ದುಂಡನೆಯ ಅಕ್ಷರ ಓರೆಯಾದರೆ ಸುಮ್ನೆ ಜಾರಿಬಿದ್ದಂತೆ ಕಾಣುತ್ತದೆ. ಅಕ್ಷರಗಳ ನಡುವೆ ಜಾಗ ಬಿಟ್ಟು ಅಲಂಕಾರ ಮಾಡುವುದೂ ಅಷ್ಟೇ, ಪದ ಚದುರಿಹೋಗುತ್ತದೆ.

ಎರಡೂ ಅಂಚು ಸಮ ಮಾಡುವ ಚಾಳಿ ಅಚ್ಚಿನಿಂದ ಬಂದದ್ದು. ಅಚ್ಚಿನ ಪುಟದಲ್ಲಿ ಅದು ನಡೆಯುತ್ತದೆ. ಫೋನಿನ ಒಂದು ಸಾಲಿಗೆ ಹಿಡಿಸುವುದು ನಾಲ್ಕೈದು ಕನ್ನಡ ಪದ. ಅದರಲ್ಲಿ ಒಂದು ಉದ್ದದ ಪದ ಕೆಳಕ್ಕೆ ಹೋದರೆ ಉಳಿದ ಮೂರರ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಬಿಡುತ್ತದೆ. ಎಡಕ್ಕೆ ಮಾತ್ರ ಜೋಡಿಸಲು ಹೇಳಿ.

ಕೊನೆಗೊಂದು ಪರೀಕ್ಷೆ, ಅರ್ಧ ನಿಮಿಷದ್ದು. ಲೇಖನದ ಒಂದು ಸಾಲನ್ನು ಒತ್ತಿ ಹಿಡಿದು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ. ಕನ್ನಡವೇ ಬಂದರೆ ಸರಿ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ ಅದು ಎಲ್ಲ ಫೋನು, ಕಂಪ್ಯೂಟರುಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿಲ್ಲ, ಪುಟ ಜೋಡಣೆಗೆ ಬಳಸುವ "ನುಡಿ" ಅಥವಾ "ಬರಹ" ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದ ಪಠ್ಯವನ್ನು ಹಾಗೇ ಏರಿಸಿದ್ದಾರೆ. ಅಂಥ ಲೇಖನ ಗೂಗಲ್‌ನಲ್ಲಿ ಸಿಗುವುದಿಲ್ಲ, ಓದಿಹೇಳುವ ಆ್ಯಪ್‌ಗೂ ಅರ್ಥವಾಗುವುದಿಲ್ಲ. ಕಾಪಿಯೇ ಆಗದಿದ್ದರೆ ಬಹಳ ಸಲ ಪಠ್ಯದ ಬದಲು ಚಿತ್ರ ಹಾಕಿದ್ದಾರೆ ಅಂತ ಅರ್ಥ. ಎರಡಕ್ಕೂ 4 ಹಾಕಿ. ಸಮಾಧಾನದ ಸಂಗತಿ ಅಂದರೆ ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸುವ ಉಪಕರಣಗಳು ಪುಕ್ಕಟೆ ಸಿಗುತ್ತವೆ. ತಿರುಗಿಸಿದ ಮೇಲೆ ಅರ್ಕಾವತ್ತು, ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿದರೆ ಆಯಿತು.

ಲೇಖನವನ್ನು ಕೊನೆಯವರೆಗೂ ಓದಿ

ನಿಜವಾಗಿ ಓದಿ. ಕಣ್ಣಾಡಿಸುವುದಲ್ಲ. ಓದು ಎಲ್ಲೆಲ್ಲಿ ಕಡಿಯಿತೋ ಅಲ್ಲಲ್ಲಿ ಗುರುತು ಹಾಕಿ. ಮೊದಲ ಪ್ಯಾರಾ ಮುಗಿಯುವ ಮೊದಲೇ "ನೋಟಿಫಿಕೇಶನ್ ಬೇಕಾ" ಅಂತ ಕೇಳಿತಾ? ಜಾಹೀರಾತು ಲೋಡ್ ಆಗಿ ಓದುತ್ತಿದ್ದ ಸಾಲು ಕೆಳಕ್ಕೆ ಓಡಿಹೋಯಿತಾ? ಪಾಪ್‌ಅಪ್ ಮುಚ್ಚುವ ಗುಣಿಸು ಗುರುತು ಬೆರಳಿಗೆ ಸಿಕ್ಕಿತಾ? ಅಂತರರಾಷ್ಟ್ರೀಯ ವೆಬ್ ಸುಗಮತೆ ಮಾರ್ಗಸೂಚಿಯ 2023ರ ಆವೃತ್ತಿಯ ಪ್ರಕಾರ ಒತ್ತುವ ಗುಂಡಿ ಕನಿಷ್ಠ 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರ ಇರಬೇಕು. ಆಂಡ್ರಾಯ್ಡ್‌ಗೆ ಗೂಗಲ್ ಹೇಳುವುದು ಇದರ ಎರಡರಷ್ಟು, 48. ಹೊಲದ ಕೆಲಸ ಮಾಡಿದ ಬೆರಳಿಗೆ 48 ಅನ್ನುವುದೇ ಸರಿಯಾದ ಲೆಕ್ಕ.

ಜಾಹೀರಾತೇ ಬೇಡ ಅಂತ ನಾನು ಹೇಳುವುದಿಲ್ಲ. ಪತ್ರಿಕೆ ಬದುಕಬೇಕಲ್ವಾ. ಜಾಹೀರಾತಿಗೆ ಮೊದಲೇ ಜಾಗ ಕಾದಿರಿಸಿದ್ದರೆ ಸಾಲು ಜಿಗಿಯುವುದಿಲ್ಲ, ಅಷ್ಟೇ. ಮತ್ತೆ, ಅದು ಜಾಹೀರಾತು ಅಂತ ಬರೆದಿರಬೇಕು. ಲೇಖನದಂತೆಯೇ ಕಾಣುವ ಜಾಹೀರಾತು ಓದುಗರಿಗೆ ಮಾಡುವ ಮೋಸ.

ಪದ್ಯದ ಪುಟಕ್ಕೆ ಬನ್ನಿ. ಕವಿ ಎಲ್ಲಿ ಸಾಲು ಮುರಿದರು, ಫೋನ್ ಎಲ್ಲಿ ಮುರಿಯಿತು ಅನ್ನುವುದು ಬೇರೆಬೇರೆಯಾಗಿ ಕಾಣಬೇಕು. ಉದ್ದದ ಸಾಲು ಕೆಳಕ್ಕೆ ಹೋದಾಗ ಸ್ವಲ್ಪ ಒಳಕ್ಕೆ ಸರಿದು ಶುರುವಾದರೆ ಗೊತ್ತಾಗುತ್ತದೆ. ಹೆಚ್ಚಿನ ಸೈಟುಗಳಲ್ಲಿ ಎಲ್ಲ ಸಾಲೂ ಒಂದೇ ಅಂಚಿಗೆ ಅಂಟಿಕೊಂಡು ಪದ್ಯ ಹರಿದು ಚಿಂದಿಯಾಗಿರುತ್ತದೆ. ಇನ್ನು ಕೆಲವೆಡೆ ಪದ್ಯದ ಸಾಲುಗಳೆಲ್ಲ ಸೇರಿ ಒಂದೇ ಪ್ಯಾರಾ ಆಗಿರುತ್ತವೆ, ನುಡಿಗಳ ನಡುವಿನ ಖಾಲಿ ಸಾಲೂ ಇರುವುದಿಲ್ಲ. ಸಾಹಿತ್ಯ ಪತ್ರಿಕೆಯಾದರೆ ಇದನ್ನು ಸಣ್ಣ ತಪ್ಪು ಅನ್ನಲಾಗದು.

ಲೇಖನ ಮುಗಿದ ಮೇಲೆ ಏನಿದೆ? ಬರೆದವರ ಪರಿಚಯ, ಅದೇ ಸಂಚಿಕೆಯ ಮುಂದಿನ ಲೇಖನ, ಹಂಚುವ ಗುಂಡಿ. ಇಷ್ಟಿದ್ದರೆ ಸಾಕು.

ವೇಗ: ಪಾವಗಡದ ಬಸ್ಸಿನಲ್ಲಿ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಿಂತು ವೇಗ ನೋಡಿದರೆ ಎಲ್ಲ ಸೈಟೂ ಚುರುಕೇ. ಕೊರಟಗೆರೆ, ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಬಸ್ಸಿನಲ್ಲಿ ಕೂತು ಅದೇ ಐದು ಪುಟ ತೆರೆಯಿರಿ. ಬೆಟ್ಟಗುಡ್ಡಗಳ ನಡುವೆ ಸಿಗ್ನಲ್ ಏರಿಳಿಯುವಾಗ ಸೈಟಿನ ಬಣ್ಣ ಬಯಲಾಗುತ್ತದೆ. ಪಠ್ಯ ಮೊದಲು ಬಂದು ಫೋಟೊ ಆಮೇಲೆ ಬಂದರೆ ಒಳ್ಳೆಯದು. ಫೋಟೊ, ಫಾಂಟ್ ಎಲ್ಲ ಇಳಿಯುವವರೆಗೆ ಬಿಳಿ ಪರದೆ ನೋಡುತ್ತ ಕೂರಬೇಕಾದರೆ ಬರೆದುಕೊಳ್ಳಿ.

ಅಂಕಿ ಬೇಕಾದರೆ ಗೂಗಲ್‌ನ ವೇಗ ಅಳೆಯುವ ತಾಣ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ಗೆ ಲೇಖನದ ವಿಳಾಸ ಕೊಡಿ. ಮೂರು ಅಳತೆ ಮುಖ್ಯ. ಪುಟದ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಉತ್ತರ ಬರಬೇಕು. ಸಾಲು ಜಿಗಿಯುವ ಅಂಕ 0.1 ಮೀರಬಾರದು. ಎರಡನೆಯ ಅಳತೆ 2024ರ ಮಾರ್ಚ್‌ನಿಂದ ಜಾರಿಗೆ ಬಂದದ್ದು, ಹಳೆಯ ಲೇಖನಗಳಲ್ಲಿ ಬೇರೆ ಹೆಸರು ಕಂಡರೆ ಗೊಂದಲ ಬೇಡ. ನಿಜವಾದ ಓದುಗರ ಅನುಭವದ ಅಂಕಿಅಂಶ ಸಿಗಬೇಕಾದರೆ ಸೈಟಿಗೆ ಸಾಕಷ್ಟು ಜನ ಬರುತ್ತಿರಬೇಕು. ಸಣ್ಣ ಪತ್ರಿಕೆಗೆ ಆ ಭಾಗ ಖಾಲಿ ಬಂದರೆ ಆಶ್ಚರ್ಯವಿಲ್ಲ. ಆಗ ಬಸ್ಸಿನ ಪರೀಕ್ಷೆಗೇ ಬೆಲೆ ಜಾಸ್ತಿ.

ನಿಧಾನಕ್ಕೆ ಕಾರಣ ಹುಡುಕುವಾಗ ಮೊದಲು ಫೋಟೊಗಳನ್ನು ನೋಡಿ. ಕ್ಯಾಮೆರಾದಿಂದ ಬಂದ 4–5 ಎಂಬಿ ಫೋಟೊವನ್ನು ಹಾಗೇ ಏರಿಸಿರುತ್ತಾರೆ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ ಕಡಿಮೆ ಜಾಗ ಹಿಡಿಯುವ ವೆಬ್‌ಪಿ ಎಂಬ ರೂಪಕ್ಕೆ ತಂದರೆ ಸಾಮಾನ್ಯವಾಗಿ 200 ಕೆಬಿ ಒಳಗೆ ಬರುತ್ತದೆ, ಫೋನಿನಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ.

ಬಣ್ಣ, ಬಿಸಿಲು, ಕಣ್ಣು

ಪಾವಗಡದಲ್ಲಿ ಇಳಿದಿರಲ್ಲ, ಮಧ್ಯಾಹ್ನದ ಬಿಸಿಲಿನಲ್ಲಿ ನಿಂತು ಅದೇ ಲೇಖನ ಓದಿ. ಬೂದು ಅಕ್ಷರಗಳೆಲ್ಲ ಮಾಯವಾಗುತ್ತವೆ. ಸುಗಮತೆ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ಅಂತರ ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1. ವೆಬ್ ಬಣ್ಣಗಳ ಸಂಕೇತದಲ್ಲಿ ಹೇಳುವುದಾದರೆ, ಬಿಳಿಯ ಮೇಲೆ 767676 ಸಂಖ್ಯೆಯ ಬೂದು ಪಾಸಾಗುತ್ತದೆ, 999999 ಬೂದು 2.8ರ ಆಸುಪಾಸಿನಲ್ಲೇ ನಿಂತು ಫೇಲಾಗುತ್ತದೆ. ತಾರೀಕು, ಲೇಖಕರ ಹೆಸರು, ಫೋಟೊ ವಿವರಗಳಿಗೆ ಎಲ್ಲರೂ ಬಳಸುವುದು ಈ ಎರಡನೆಯ ಥರದ ಬೂದನ್ನೇ.

ರಾಜ್ಯೋತ್ಸವ ಸಂಚಿಕೆಗೆ ಅರಿಶಿನ ಕುಂಕುಮ ಬಳಿಯುವವರಿಗೂ ಒಂದು ಮಾತು. ಅಚ್ಚ ಕೆಂಪಿನ ಮೇಲೆ ಅಚ್ಚ ಹಳದಿ ಇಟ್ಟರೆ ಅಂತರ ಸುಮಾರು 3.7. ದೊಡ್ಡ ಶೀರ್ಷಿಕೆಗೆ ನಡೆಯುತ್ತದೆ, ಅದರ ಮೇಲೆ ಸಂಪಾದಕೀಯ ಬರೆಯಬೇಡಿ. ಕೆಂಪನ್ನು ಗಾಢ ಮಾಡಿದರೆ ಅಭಿಮಾನಕ್ಕೂ ಧಕ್ಕೆ ಇಲ್ಲ, ಓದಿಗೂ ಇಲ್ಲ.

ಇಲ್ಲೇ ಇನ್ನೆರಡು ನೋಡಿಬಿಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕ್ಷರವನ್ನು ದೊಡ್ಡದು ಮಾಡಿ. ಸೈಟ್ ಹಿಗ್ಗಿತಾ, ಇಲ್ಲ ಪದಗಳು ಒಂದರ ಮೇಲೊಂದು ಬಿದ್ದವಾ? ಆಮೇಲೆ ಪರದೆಯಲ್ಲಿರುವುದನ್ನು ಓದಿಹೇಳುವ ಟಾಕ್‌ಬ್ಯಾಕ್ ಆನ್ ಮಾಡಿ, ಕಣ್ಣು ಮುಚ್ಚಿ ಕೇಳಿ. ಗೂಗಲ್‌ನ ಧ್ವನಿ ಕನ್ನಡ ಓದುತ್ತದೆ. ಫೋಟೊ ಬಂದಾಗ ಫೈಲಿನ ಹೆಸರನ್ನು ಓದಿದರೆ ಫೋಟೊಗೆ ವಿವರ ಬರೆದಿಲ್ಲ ಅಂತ ಅರ್ಥ.

ಈಗ ಮುಖಪುಟ, ಹಳೆಯ ಸಂಚಿಕೆ

ಇಷ್ಟಾದ ಮೇಲೆ ಮುಖಪುಟ. ಇಲ್ಲಿ ಹೆಚ್ಚು ಹೊತ್ತು ಬೇಡ. ಫೋನನ್ನು ತೋಳಿನಷ್ಟು ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡಿ. ಮುಖ್ಯ ಲೇಖನ ಯಾವುದು ಅಂತ ತಿಳಿಯಬೇಕು. ಎಲ್ಲವೂ ಒಂದೇ ಗಾತ್ರದಲ್ಲಿದ್ದರೆ ಸಂಪಾದಕರು ಏನನ್ನೂ ಆರಿಸಿಲ್ಲ ಅಂತಾಯಿತು. ತಾನೇ ಜಾರುವ ಚಿತ್ರಮಾಲೆ ಇದ್ದರೆ ತೆಗೆಯಲು ಹೇಳಿ. ಮೂರನೆಯ ಚಿತ್ರದವರೆಗೆ ಯಾರೂ ಕಾಯುವುದಿಲ್ಲ.

ಪತ್ರಿಕೆಗೂ ಸುದ್ದಿ ಸೈಟಿಗೂ ಇರುವ ಭೇದ ಸಂಚಿಕೆ. ತಿಂಗಳ ಸಂಚಿಕೆಗೆ ಒಂದು ಮುಖಚಿತ್ರ, ಒಂದು ಪರಿವಿಡಿ ಇರುತ್ತದೆ. ಸೈಟಿನಲ್ಲೂ ಅದು ಸಿಗಬೇಕು. ಹಳೆಯ ಸಂಚಿಕೆಗಳನ್ನು ಬರೀ ಪಿಡಿಎಫ್ ಆಗಿ, ಪುಟ ತಿರುವುವ ಆಟದ ಜೊತೆ ಹಾಕಿದ್ದರೆ ಫೋನಿನಲ್ಲಿ ಓದುವುದು ಅಸಾಧ್ಯ. ಹಿಗ್ಗಿಸು, ಎಡಕ್ಕೆ ಎಳೆ, ಬಲಕ್ಕೆ ಎಳೆ, ಸಾಕಪ್ಪಾ ಅನ್ನಿಸುತ್ತದೆ. ಸಂಗ್ರಹಕ್ಕೆ ಪಿಡಿಎಫ್ ಇರಲಿ, ಓದಲು ಲೇಖನದ ಪುಟ ಬೇರೆ ಇರಲಿ.

ಹುಡುಕುವ ಪೆಟ್ಟಿಗೆ

ಇದನ್ನು ಯಾರೂ ಪರೀಕ್ಷಿಸುವುದಿಲ್ಲ, ಆದ್ದರಿಂದ ಇಲ್ಲಿ ದೋಷ ಖಚಿತ. ಮೊದಲು "ತುಮಕೂರು" ಅಂತ ಹುಡುಕಿ, ಎಷ್ಟು ಲೇಖನ ಬಂತು ಬರೆದುಕೊಳ್ಳಿ. ಆಮೇಲೆ "ತುಮಕೂರಿನ" ಅಂತ ಹುಡುಕಿ. ಬೇರೆಯೇ ಪಟ್ಟಿ ಬಂದರೆ ಪೆಟ್ಟಿಗೆಗೆ ವಿಭಕ್ತಿ ಗೊತ್ತಿಲ್ಲ. ರು ಹೋಗಿ ರಿ ಆದ ಕೂಡಲೇ ಅದಕ್ಕೆ ಅದು ಬೇರೆ ಊರು. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಈ ಕಾಟ ಕಡಿಮೆ. "ಕೋಲಾರದ" ಎಂಬುದರೊಳಗೆ "ಕೋಲಾರ" ಇಡಿಯಾಗಿ ಇದ್ದೇ ಇದೆಯಲ್ಲ.

ನಂತರ "ಸಿರಾ", "ಶಿರಾ". ಜನ ಎರಡೂ ಬರೆಯುತ್ತಾರೆ. "ಮುಳಬಾಗಿಲು", "ಮುಳಬಾಗಲು" ಹಾಗೆಯೇ. "ಸಾಫ್ಟ್‌ವೇರ್" ಥರದ ಪದದಲ್ಲಿ ಒತ್ತು ಬೀಳದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಫೋನಿನಲ್ಲಿ ಟೈಪ್ ಮಾಡುವವರು ಆ ಗುರುತು ಹಾಕದಿದ್ದರೆ ಹುಡುಕಾಟ ಸೋಲುತ್ತದೆ. ಕೊನೆಗೆ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ನೋಡಿ. 2014ರ ನವೆಂಬರ್ 1ರಂದು ಸರ್ಕಾರ ತುಮಕೂರಿನ ಇಂಗ್ಲಿಷ್ ಹೆಸರನ್ನು ಬದಲಿಸಿದರೂ ಹಳೆಯ ಕಾಗುಣಿತವನ್ನೇ ಬರೆಯುವವರು ಇನ್ನೂ ಇದ್ದಾರೆ. ಏನೂ ಸಿಗದಿದ್ದಾಗ ಸೈಟ್ ಏನು ಹೇಳುತ್ತದೆ ಅನ್ನುವುದನ್ನೂ ಓದಿ. ಇಂಗ್ಲಿಷಿನಲ್ಲಿ ಒಂದು ಸಾಲು ಹೇಳಿ ಸುಮ್ಮನಾದರೆ ಓದುಗರು ಮುಂದೆಲ್ಲಿಗೆ ಹೋಗಬೇಕು?

ಐದು ಜನರನ್ನು ಕೂರಿಸಿ

ನಿಮ್ಮ ಕಣ್ಣಿಗೆ ಕಂಡದ್ದು ಅರ್ಧ. ಉಳಿದರ್ಧ ಬೇರೆಯವರ ಬೆರಳು ನೋಡಿದರೆ ಗೊತ್ತಾಗುತ್ತದೆ. ಒಂದೇ ಬಗೆಯ ಐದು ಬಳಕೆದಾರರನ್ನು ನೋಡಿದರೆ ಸುಮಾರು 85 ಶೇಕಡಾ ತೊಂದರೆಗಳು ಹೊರಬೀಳುತ್ತವೆ ಅಂತ ನೀಲ್ಸನ್ ಲೆಕ್ಕ ಹಾಕಿದ್ದರು. "ಒಂದೇ ಬಗೆಯ" ಅನ್ನುವುದನ್ನು ಮರೆತು ಅನೇಕರು ಆ ಅಂಕಿ ಹೇಳುತ್ತಾರೆ. ಪತ್ರಿಕೆಯ ಓದುಗರು ಒಂದೇ ಬಗೆಯವರಲ್ಲ. ಆದರೂ ಐದರಿಂದ ಶುರುಮಾಡಿ: ಒಬ್ಬ ನಿವೃತ್ತ ಮೇಷ್ಟ್ರು, ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿನಿ, ತಿಪಟೂರಿನ ಮಂಡಿಯಲ್ಲಿ ಲೆಕ್ಕ ಬರೆಯುವವರು, ಮನೆಯಲ್ಲೇ ಇದ್ದು ಕಥೆ ಓದುವ ಒಬ್ಬ ಅಕ್ಕ, ಸೈಟನ್ನು ಹಿಂದೆ ಎಂದೂ ನೋಡದ ಒಬ್ಬರು. ಪತ್ರಿಕೆಯ ಬಳಗದವರ ಮಕ್ಕಳು ಬೇಡ.

ಅವರವರ ಫೋನೇ ಆಗಲಿ. ಅಮಾನಿಕೆರೆ ಉದ್ಯಾನದ ಬೆಂಚಾದರೂ ಆಯಿತು, ಮನೆ ಜಗುಲಿಯಾದರೂ ಆಯಿತು. ಮೊದಲೇ ಹೇಳಿಬಿಡಿ: "ಮೇಷ್ಟ್ರೇ, ಇದು ನಿಮಗೆ ಪರೀಕ್ಷೆ ಅಲ್ಲ, ಸೈಟಿಗೆ. ನಿಮಗೆ ಸಿಗದಿದ್ದರೆ ಅದು ಅದರ ತಪ್ಪು. ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳ್ತಾ ಹೋಗಿ." ಇದನ್ನು ಹೇಳದಿದ್ದರೆ ನಮ್ಮ ಕಡೆಯ ಹಿರಿಯರು ತಮಗೇ ಬರುವುದಿಲ್ಲ ಅಂದುಕೊಂಡು ಫೋನ್ ವಾಪಸ್ ಕೊಟ್ಟುಬಿಡುತ್ತಾರೆ.

ಕೆಲಸ ಕೊಡುವಾಗ ಸೈಟಿನಲ್ಲಿರುವ ಪದಗಳನ್ನು ಬಳಸಬೇಡಿ. ಮೆನುವಿನಲ್ಲಿ "ಸಂಗ್ರಹ" ಅಂತ ಇದ್ದರೆ "ಸಂಗ್ರಹಕ್ಕೆ ಹೋಗಿ" ಅನ್ನುವುದು ಉತ್ತರ ಹೇಳಿಕೊಟ್ಟಂತೆ. "ಹೋದ ತಿಂಗಳು ಕೊಬ್ಬರಿ ಬಗ್ಗೆ ಒಂದು ಲೇಖನ ಬಂದಿತ್ತಂತೆ, ನೋಡ್ತೀರಾ?" ಅನ್ನಿ. "ಇದೇ ಲೇಖಕರು ಬೇರೆ ಏನು ಬರೆದಿದ್ದಾರೆ?" "ಈ ಕಥೆಯನ್ನು ನಿಮ್ಮ ತಂಗಿಗೆ ಕಳಿಸಿ." "ಪತ್ರಿಕೆಗೆ ಚಂದಾ ಕಟ್ಟಬೇಕು, ಎಷ್ಟಾಗುತ್ತೆ?" ನಾಲ್ಕು ಕೆಲಸ ಸಾಕು, ಅರ್ಧ ಗಂಟೆಯೊಳಗೆ ಮುಗಿಸಿ.

ಆಮೇಲೆ ಬಾಯಿ ಮುಚ್ಚಿ ಕೂರುವುದು. ಇದೇ ಕಷ್ಟದ ಭಾಗ. "ಮೇಲೆ ಮೂರು ಗೆರೆ ಇದೆ ನೋಡಿ ಸಾರ್" ಅಂತ ನಾಲಿಗೆ ತುದಿಗೆ ಬಂದಿರುತ್ತದೆ. ಹೇಳಬೇಡಿ. ಆ ಮೂರು ಗೆರೆ ಮೆನು ಅಂತ ಅವರಿಗೆ ಹೊಳೆಯದಿದ್ದರೆ ಅದೇ ನಿಮಗೆ ಬೇಕಾದ ಉತ್ತರ. ಎಲ್ಲಿ ತಡೆದರು, ಎಲ್ಲಿ ತಪ್ಪು ಒತ್ತಿದರು, ಎಲ್ಲಿ ಗೊಣಗಿದರು, ಅಷ್ಟು ಬರೆದುಕೊಳ್ಳಿ. ಕೊನೆಗೆ "ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅಂತಲೇ ಹೇಳುತ್ತಾರೆ, ನಮ್ಮ ಜನರ ದಾಕ್ಷಿಣ್ಯ ಅದು. ಆ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಬೆರಳು ಮಾಡಿದ್ದೇ ಸಾಕ್ಷಿ.

ಬರೆದು ಕೊಡುವುದು

ವರದಿ ಎರಡು ಪುಟ ಮೀರದಿರಲಿ. ಗಂಭೀರತೆ 4 ಮತ್ತು 3 ಇರುವವು ಮೊದಲು. ಪ್ರತಿಯೊಂದಕ್ಕೂ ಒಂದು ಸ್ಕ್ರೀನ್‌ಶಾಟ್, ಒಂದು ಸಾಲಿನ ವಿವರ, ಯಾರಿಗೆ ತೊಂದರೆಯಾಯಿತು ಎಂಬುದು. "ವಿನ್ಯಾಸ ಆಕರ್ಷಕವಾಗಿಲ್ಲ" ಅಂತ ಬರೆದರೆ ಸೈಟ್ ಮಾಡಿದವರು ಏನು ಮಾಡಬೇಕು? "ಲೇಖನದ ಪುಟದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತಿದೆ, ಸಾಲಿನ ಅಂತರ 1.7 ಮಾಡಿ" ಅಂತ ಬರೆದರೆ ಐದು ನಿಮಿಷದಲ್ಲಿ ಆಗುತ್ತದೆ. ಚೆನ್ನಾಗಿರುವುದನ್ನೂ ಬರೆಯಿರಿ. ಇಲ್ಲದಿದ್ದರೆ ಮುಂದಿನ ಸಲ ಹೊಸದು ಮಾಡುವ ಹುಮ್ಮಸ್ಸಿನಲ್ಲಿ ಅದನ್ನೇ ಕಿತ್ತು ಹಾಕುತ್ತಾರೆ.

ರುಚಿಯನ್ನೂ ದೋಷವನ್ನೂ ಬೆರೆಸಬೇಡಿ. ನನಗೆ ನೇರಳೆ ಬಣ್ಣ ಸೇರುವುದಿಲ್ಲ ಅನ್ನುವುದು ರುಚಿ. ನೇರಳೆಯ ಮೇಲಿನ ಕಪ್ಪು ಅಕ್ಷರ ಮೇಷ್ಟ್ರಿಗೆ ಕಾಣಲಿಲ್ಲ ಅನ್ನುವುದು ದೋಷ.

"ನಮ್ಮ ಕಂಪ್ಯೂಟರಿನಲ್ಲಿ ಸರಿಯಾಗೇ ಬರ್ತಿದೆ ಸಾರ್" ಅನ್ನುವ ಉತ್ತರ ಬಂದೇ ಬರುತ್ತದೆ. ವಾದ ಬೇಡ, ಫೋನನ್ನು ಅವರ ಕೈಗೆ ಕೊಟ್ಟು ಅದೇ ಪುಟ ತೆರೆಯಲು ಹೇಳಿ. ಸಾಲಿನ ಅಂತರ, ಅಂಚಿನ ಜೋಡಣೆ, ಬೂದು ಬಣ್ಣ, ಫೋಟೊ ಗಾತ್ರ, ಪಾಪ್‌ಅಪ್ ಇವೆಲ್ಲ ಹೆಚ್ಚೆಂದರೆ ಒಂದೆರಡು ದಿನದ ಕೆಲಸ, ಮೊದಲು ಇವನ್ನೇ ಮಾಡಿಸಿ. ಹುಡುಕುವ ಪೆಟ್ಟಿಗೆ, ಹಳೆಯ ಸಂಚಿಕೆಗಳ ಯೂನಿಕೋಡ್ ಪರಿವರ್ತನೆಗೆ ಸಮಯವೂ ದುಡ್ಡೂ ಬೇಕು. ಅವಕ್ಕೆ ಬೇರೆ ತಾರೀಕು ಹಾಕಿಕೊಳ್ಳಿ, ಒಂದೊಂದು ವರ್ಷದ ಸಂಚಿಕೆಗಳನ್ನು ಹೊಸದರಿಂದ ಹಳೆಯದಕ್ಕೆ ಕ್ರಮವಾಗಿ ತಿರುಗಿಸುತ್ತ ಬನ್ನಿ.